ನಾಲ್ಕೂವರೆ ಅಡಿ

ಸಂಜೆ 5 ಗಂಟೆ 31 ನಿಮಿಷಕ್ಕೆ ರೆಫರಿ ಕೊನೆಯ ಸೀಟಿ ಊದಿದರು. ಗುಬ್ಬಿ ಯೂನಿಯನ್ ಕ್ಲಬ್ ತನ್ನ ಸ್ವಂತ ಮೈದಾನದಲ್ಲಿ ಕುಣಿಗಲ್‌ನ ದೊಡ್ಡಕೆರೆ ಬಾಯ್ಸ್ ತಂಡಕ್ಕೆ 0–7ರಿಂದ ಸೋತಿತ್ತು. ಅಂದು 2025ರ ನವೆಂಬರ್ 9, ಭಾನುವಾರ.

ಜಿಲ್ಲಾ ಫುಟ್‌ಬಾಲ್ ಲೀಗ್ ಶುರುವಾದ ಹದಿನಾರು ವರ್ಷಗಳಲ್ಲಿ ಕ್ಲಬ್ ಆ ಮೈದಾನದಲ್ಲಿ ಎಪ್ಪತ್ತನಾಲ್ಕು ಪಂದ್ಯ ಆಡಿತ್ತು. ಅರವತ್ತೊಂದು ಗೆಲುವು, ಹದಿಮೂರು ಸಮ. ಸೋಲು ಒಂದೂ ಇರಲಿಲ್ಲ. ಶೀಲ್ಡನ್ನು ಒಂಬತ್ತು ಸಲ ಗೆದ್ದಿತ್ತು. ಕೊನೆಯ ಸಲ ಗೆದ್ದು ನಾಲ್ಕು ವರ್ಷವಾಗಿತ್ತು. ಆದರೂ ಗುಬ್ಬಿಗೆ ಬಂದು ಗೆದ್ದು ಹೋದ ತಂಡವಿಲ್ಲ ಎಂಬ ಮಾತು ಮಾತ್ರ ಹಾಗೆಯೇ ಉಳಿದಿತ್ತು.

ಏಳು ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಅನಂತರಾಜು. ವಯಸ್ಸು ಮೂವತ್ತಾರು, ವಸಂತನರಸಾಪುರದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಹನ್ನೊಂದು ವರ್ಷದಿಂದ ತಂಡದ ಕ್ಯಾಪ್ಟನ್ ಕೂಡ ಅವನೇ. ಸೀಟಿ ಊದಿದ ಮೇಲೆ ಅವನು ಗ್ಲೌಸ್ ಬಿಚ್ಚದೆ ಮೈದಾನದ ನಡುವಿಗೆ ನಡೆದು ಬಂದು ಎದುರಾಳಿ ತಂಡದ ಹನ್ನೊಂದು ಜನರ ಕೈಯನ್ನೂ ಕುಲುಕಿದ. ಹನ್ನೆರಡನೆಯವನಾಗಿ ಕುಣಿಗಲ್ ತಂಡದ ಕಾರ್ಯದರ್ಶಿ ಕಿಟ್ಟು ಕೈ ಚಾಚಿಕೊಂಡು ನಿಂತಿದ್ದ.

"ಯಾಕೆ ಅನಂತು, ಈ ಸಲ ನಿಮ್ ಗ್ರೌಂಡಿಗೆ ಹುಷಾರಿರ್ಲಿಲ್ವಾ?" ಎಂದು ಕೇಳಿದ.

ಅನಂತರಾಜು ಅವನ ಕೈಯನ್ನೂ ಕುಲುಕಿದ. ಆ ಮಾತಿನ ಹಿಂದೆ ಏಳು ವರ್ಷ ಹಳೆಯ ಇನ್ನೊಂದು ಮಾತಿತ್ತು. ಅದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಮೈದಾನಕ್ಕೆ ಪೂರ್ವದಲ್ಲಿ ರಸ್ತೆ, ಪಶ್ಚಿಮದಲ್ಲಿ ಕೆರೆ. ಗೋಲು ಕಂಬಗಳು ಉತ್ತರ ದಕ್ಷಿಣಕ್ಕೆ. ಈ ವರ್ಷದ ಜುಲೈವರೆಗೆ ರಸ್ತೆ ಬದಿ ಎತ್ತರ, ಕೆರೆ ಬದಿ ತಗ್ಗು. ವ್ಯತ್ಯಾಸ ನಾಲ್ಕೂವರೆ ಅಡಿ ಎಂದು ಎಂಜಿನಿಯರ್ ಅಳೆದು ಬರೆದಿದ್ದರು. ನೆಲದ ಮೇಲೆ ಹೊಡೆದ ಯಾವ ಚೆಂಡೂ ನೆಟ್ಟಗೆ ಹೋಗುತ್ತಿರಲಿಲ್ಲ, ಹೋಗುತ್ತಾ ಹೋಗುತ್ತಾ ಕೆರೆ ಕಡೆ ವಾಲುತ್ತಿತ್ತು. ಹೊರಗಿನಿಂದ ಬಂದ ತಂಡಕ್ಕೆ ಇದು ಅರ್ಥವಾಗುವ ಹೊತ್ತಿಗೆ ಎರಡು ಗೋಲು ಬಿದ್ದಿರುತ್ತಿದ್ದವು. ಗುಬ್ಬಿಯವರಿಗೆ ಇದು ನಡಿಗೆಯಷ್ಟೇ ಸಹಜ. ಹೊಸದಾಗಿ ಸೇರಿದ ಆಟಗಾರನಿಗೆ ಮೊದಲ ದಿನ ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: ಚೆಂಡನ್ನು ಜೊತೆಗಾರನ ಕಾಲಿಗೆ ಹೊಡೆಯಬೇಡ, ಅವನಿಂದ ಎರಡು ಹೆಜ್ಜೆ ರಸ್ತೆ ಬದಿಗೆ ಹೊಡಿ, ಚೆಂಡು ತಾನೇ ಅವನ ಹತ್ತಿರ ಹೋಗುತ್ತದೆ. ದೂರದ ಪಾಸಿಗೆ ರಸ್ತೆ ಬದಿಯ ಅರಳಿ ಮರವನ್ನು ಗುರಿ ಇಟ್ಟುಕೊಳ್ಳುತ್ತಿದ್ದರು.

ಹೊರ ಊರಿನಲ್ಲಿ ಕ್ಲಬ್ ಆಡಿದ ಎಪ್ಪತ್ತನಾಲ್ಕು ಪಂದ್ಯಗಳಲ್ಲಿ ಗೆದ್ದದ್ದು ಇಪ್ಪತ್ತೊಂಬತ್ತು. ಪ್ರತಿ ಸೋಲಿಗೂ ಒಂದು ಕಾರಣವಿತ್ತು. ತಿಪಟೂರಿನಲ್ಲಿ ರೆಫರಿ ಸರಿಯಿರಲಿಲ್ಲ, ತುಮಕೂರಿನಲ್ಲಿ ಬಸ್ಸು ತಡವಾಗಿತ್ತು, ಕುಣಿಗಲ್‌ನಲ್ಲಿ ಊಟ ಹೊಟ್ಟೆಗೆ ಹಿಡಿಸಿರಲಿಲ್ಲ. ಇಳಿಜಾರಿನ ಹೆಸರನ್ನು ಯಾರೂ ಎತ್ತಿರಲಿಲ್ಲ. ಲೀಗಿನ ಒಂದು ಪದ್ಧತಿಯೂ ನೆರವಿಗಿತ್ತು. ಶೀಲ್ಡ್ ಯಾರ ಹತ್ತಿರ ಇರುತ್ತದೋ ಆ ಊರಿನ ಮೈದಾನದಲ್ಲೇ ಮುಂದಿನ ವರ್ಷದ ಫೈನಲ್ ನಡೆಯಬೇಕು. ಹೀಗಾಗಿ ಒಮ್ಮೆ ಗುಬ್ಬಿಗೆ ಬಂದ ಶೀಲ್ಡ್ ಸುಲಭಕ್ಕೆ ಹೊರಗೆ ಹೋಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಫೈನಲ್ ದಿನ ಮಳೆ ಬಂದು ಪಂದ್ಯವನ್ನು ಕೊನೇ ಗಳಿಗೆಯಲ್ಲಿ ತುಮಕೂರಿಗೆ ಬದಲಾಯಿಸಿದರು. ಶೀಲ್ಡ್ ಹೋದದ್ದು ಆಗ.

ಮೈದಾನವನ್ನು ಸಮ ಮಾಡಿಸಿದವನು ಅನಂತರಾಜುವೇ. 2018ರಲ್ಲಿ ಮೊದಲ ಅರ್ಜಿ ಕೊಟ್ಟಿದ್ದ. ಮಳೆ ನೀರು ಇಳಿದು ಕೆರೆ ಬದಿಯಲ್ಲಿ ಕಲ್ಲು ಎದ್ದಿದೆ, ಹುಡುಗರು ಬಿದ್ದು ಮೊಣಕಾಲು ಕಳೆದುಕೊಳ್ಳುತ್ತಿದ್ದಾರೆ ಎಂದು ಬರೆದಿದ್ದ. ಅದು ನಿಜ. ಏಳು ವರ್ಷ ಕಚೇರಿಯಿಂದ ಕಚೇರಿಗೆ ಓಡಾಡಿ ಅನುದಾನ ತಂದ. ಆಗಸ್ಟ್‌ನಲ್ಲಿ ಜೆಸಿಬಿ ಬಂತು. ರಸ್ತೆ ಬದಿ ಅಗೆದು ಕೆರೆ ಬದಿ ತುಂಬಿದರು. ಮಿಕ್ಕ ಮಣ್ಣು ಅರಳಿ ಮರದ ಹಿಂದೆ ಗುಡ್ಡೆಯಾಗಿ ಬಿತ್ತು. ನೀರು ಹಾಕಿ ರೋಲರ್ ಹೊಡೆದು, ಹುಲ್ಲು ಕೂರಿಸಿ, ಅಕ್ಟೋಬರ್ ಕೊನೆಗೆ ಕೆಲಸ ಮುಗಿಯಿತು. ಮೂವತ್ತು ವರ್ಷದಿಂದ ಮೈದಾನ ನೋಡಿಕೊಳ್ಳುತ್ತಿದ್ದ ಚಿಕ್ಕಮಾರಯ್ಯ ಗಾರೆ ಕೆಲಸ ಬಲ್ಲವರು. ತಮ್ಮ ಹಳೆಯ ರಸಮಟ್ಟ ತಂದು ಹನ್ನೆರಡು ಜಾಗದಲ್ಲಿ ನೆಲದ ಮೇಲಿಟ್ಟು ನೋಡಿದರು. ಹನ್ನೆರಡು ಕಡೆಯೂ ಗುಳ್ಳೆ ನಡುವಿನಲ್ಲಿ ನಿಂತಿತು.

ತಪ್ಪಾದದ್ದು ಆಮೇಲೆ. ಕೆಲಸ ಮುಗಿದ ಮೈದಾನಕ್ಕೆ ಪೂಜೆ ಆಗುವವರೆಗೆ ಯಾರೂ ಕಾಲಿಡಬಾರದು ಎಂದು ಕಮಿಟಿ ತೀರ್ಮಾನಿಸಿತು. ಪೂಜೆಯನ್ನು ಕುಣಿಗಲ್ ಪಂದ್ಯದ ದಿನಕ್ಕೇ ಇಟ್ಟುಕೊಂಡಿತು. ಹೊಸ ಮನೆಗೆ ಗೃಹಪ್ರವೇಶಕ್ಕೆ ಮೊದಲು ಯಾರಾದರೂ ಮಲಗುತ್ತಾರೆಯೇ ಎಂದು ಅಧ್ಯಕ್ಷರು ಕೇಳಿದ್ದರು. ಅನಂತರಾಜು ಕೂಡ ಒಪ್ಪಿದ್ದ. ಮೂರು ತಿಂಗಳು ತಂಡ ಒಂದು ತೆಂಗಿನ ತೋಟದ ಪಕ್ಕದ ಬಯಲಿನಲ್ಲಿ ಓಡಿ, ದಂಡ ಬಸ್ಕಿ ಹೊಡೆದು ಮೈ ಗಟ್ಟಿ ಮಾಡಿಕೊಂಡಿತು. ನವೆಂಬರ್ 9ರ ಮಧ್ಯಾಹ್ನ ಮೂರೂವರೆಗೆ ಬೂದುಗುಂಬಳ ಒಡೆದರು. ಮೂರೂ ಮುಕ್ಕಾಲಿಗೆ ಗುಬ್ಬಿಯ ಆಟಗಾರರು ತಮ್ಮ ಸಮ ಮೈದಾನದಲ್ಲಿ ಜೀವನದ ಮೊದಲ ಚೆಂಡು ಒದ್ದರು.

ನೋಡಲು ಆರು ನೂರು ಜನ ಬಂದಿದ್ದರು. ನಾಲ್ಕನೆಯ ಗೋಲಿಗೆ ಅರ್ಧ ಜನ ಎದ್ದರು. ಏಳನೆಯದು ಬಿದ್ದಾಗ ಶಾಮಿಯಾನದ ಕೆಳಗೆ ಇದ್ದವರಲ್ಲಿ ಹೆಚ್ಚಿನವರು ಕುಣಿಗಲ್‌ನಿಂದ ಬಂದವರು. ಗೆದ್ದ ಮೇಲೆ ಹಂಚಲೆಂದು ಎರಡು ದೊಡ್ಡ ಪಾತ್ರೆ ಕೇಸರಿಬಾತ್ ಮಾಡಿಸಿದ್ದರು. ಅದನ್ನು ಏನು ಮಾಡಬೇಕೆಂದು ಗೊತ್ತಾಗದೆ ಬಡಿಸುವವರು ಕುಣಿಗಲ್ ತಂಡಕ್ಕೇ ಬಡಿಸಿದರು. ಚೆನ್ನಾಗಿದೆ ಎಂದು ಅವರಲ್ಲೊಬ್ಬ ಎರಡನೆಯ ಸಲ ಹಾಕಿಸಿಕೊಂಡ.

ಮಾರನೆಯ ದಿನ ಸಂಜೆ ಆರಕ್ಕೆ ಚನ್ನವೀರಯ್ಯನವರ ಕೊಬ್ಬರಿ ಮಂಡಿಯಲ್ಲಿ ಕಮಿಟಿ ಸೇರಿತು. ಚನ್ನವೀರಯ್ಯ ಕ್ಲಬ್ಬಿನ ಅಧ್ಯಕ್ಷರು. ಎಪ್ಪತ್ತು ದಾಟಿದವರು, ಹಣೆಗೆ ವಿಭೂತಿ ಇಡದೆ ಮಂಡಿಯ ಬಾಗಿಲು ತೆರೆಯದವರು. ಒಂಬತ್ತು ಶೀಲ್ಡುಗಳ ಫೋಟೊ ಅವರ ತಲೆಯ ಮೇಲೆ ಸಾಲಾಗಿ ತೂಗುತ್ತಿದ್ದವು. ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅನಂತರಾಜುವಿಗೆ ಸುಲಭವಾಗುತ್ತಿತ್ತು. ಮಣ್ಣು ಎಲ್ಲಿಗೂ ಹೋಗಿಲ್ಲ, ಅರಳಿ ಮರದ ಹಿಂದೆಯೇ ಇದೆ, ಟ್ರ್ಯಾಕ್ಟರ್ ತಮ್ಮದೇ ಇದೆ, ನಾಲ್ಕು ದಿನದ ಕೆಲಸ, ರಸ್ತೆ ಬದಿಯನ್ನು ಮೊದಲಿನಂತೆ ಎತ್ತರಿಸಿಬಿಡೋಣ ಎಂದರು. ಇದನ್ನು ಅವರು ಮನೆಯ ಸೋರುವ ಹೆಂಚು ಬದಲಿಸುವಷ್ಟು ಸಾಧಾರಣವಾಗಿ ಹೇಳಿದರು. ಎಂಟು ಸದಸ್ಯರಲ್ಲಿ ಐವರು ತಲೆಯಾಡಿಸಿದರು.

ಆಟಗಾರರ ಪರವಾಗಿ ಬಂದಿದ್ದವನು ಕಿರಣ್‌ಕುಮಾರ್. ಇಪ್ಪತ್ತಮೂರು ವರ್ಷ, ಕೆರೆ ಬದಿಯ ಫಾರ್ವರ್ಡ್. ನಾಲ್ಕು ವರ್ಷದಲ್ಲಿ ಈ ಮೈದಾನದಲ್ಲಿ ಮೂವತ್ತೊಂದು ಗೋಲು ಹೊಡೆದಿದ್ದ. ಹೆಚ್ಚಿನವು ಮೇಲಿನಿಂದ ಉರುಳಿ ಬಂದ ಚೆಂಡಿಗೆ ಓಡುತ್ತಲೇ ಕಾಲು ಕೊಟ್ಟು ಹೊಡೆದವು. ಭಾನುವಾರ ಅವನ ಕಾಲಿಗೆ ತೊಂಬತ್ತು ನಿಮಿಷದಲ್ಲಿ ಒಂಬತ್ತು ಸಲ ಮಾತ್ರ ಚೆಂಡು ಸಿಕ್ಕಿತ್ತು.

"ಅನಂತಣ್ಣ, ಆ ಇಳಿಜಾರೇ ನನ್ ಕಾಲು ಕಣಣ್ಣ," ಎಂದ ಕಿರಣ್. "ನೀನು ನನ್ ಕಾಲೇ ತೆಗೆಸ್ಬುಟ್ಟೆ."

ಆಗ ದಾಕ್ಷಾಯಣಿ ತಮ್ಮ ನೋಟ್‌ಬುಕ್ ತೆರೆದರು. ಅವರು ಪಿಯು ಕಾಲೇಜಿನ ದೈಹಿಕ ಶಿಕ್ಷಣ ಶಿಕ್ಷಕಿ, ಕ್ಲಬ್ಬಿನ ಜಂಟಿ ಕಾರ್ಯದರ್ಶಿ. ಪ್ರತಿ ಪಂದ್ಯದಲ್ಲೂ ಗೆರೆಯ ಪಕ್ಕ ಕುಳಿತು ಏನೇನಾಯಿತು ಎಂದು ನಿಮಿಷಗಳ ಸಮೇತ ಬರೆದಿಡುವುದು ಅವರ ರೂಢಿ. ಅವರು ಓದಿದ್ದು ಎರಡೇ ಸಂಖ್ಯೆ. ಭಾನುವಾರ ಗುಬ್ಬಿಯ ಆಟಗಾರರ ಕಾಲಿನಿಂದ ಚೆಂಡು ಗೆರೆ ದಾಟಿ ಹೊರಗೆ ಹೋಗಿ ಕುಣಿಗಲ್‌ಗೆ ಥ್ರೋ ಸಿಕ್ಕಿದ್ದು ರಸ್ತೆ ಬದಿಯಲ್ಲಿ ನಲವತ್ತಮೂರು ಸಲ. ಕೆರೆ ಬದಿಯಲ್ಲಿ ಐದು ಸಲ.

ಇದಾದ ಮೇಲೆ ಅವರು ಗೋಲುಗಳ ಪುಟ ತಿರುಗಿಸಿದರು. ಏಳರಲ್ಲಿ ಐದು ಗೋಲು ರಸ್ತೆ ಬದಿಯ ಕಂಬದ ಪಕ್ಕದಲ್ಲೇ ಒಳಗೆ ಹೋಗಿದ್ದವು. ಐದು ಸಲವೂ ಗೋಲ್‌ಕೀಪರ್ ಮೊದಲ ಹೆಜ್ಜೆ ಇಟ್ಟದ್ದು ಕೆರೆ ಬದಿಗೆ.

ಬಾಗಿಲ ಹತ್ತಿರ ಮೂಟೆಯ ಮೇಲೆ ಕುಳಿತಿದ್ದ ಚಿಕ್ಕಮಾರಯ್ಯನವರಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು.

"ಪಾಸೆಲ್ಲಾ ಹಳೇ ಗ್ರೌಂಡಿಗೆ ಕೊಟ್ಟವ್ರೆ ಬುಡಿ," ಎಂದರು.

ಹೊರ ಊರಿನಲ್ಲಿ ಹೀಗಾಗದಿದ್ದುದಕ್ಕೆ ಕಾರಣ ಅನಂತರಾಜುವಿಗೆ ಆ ಕ್ಷಣಕ್ಕೆ ಹೊಳೆಯಿತು. ಅಲ್ಲಿ ಅರಳಿ ಮರವಿಲ್ಲ, ಕೆರೆ ಏರಿ ಕಾಣುವುದಿಲ್ಲ. ಆಟಗಾರ ಪ್ರತಿ ಪಾಸಿಗೂ ಯೋಚಿಸಿ, ತಡಮಾಡಿ ಹೊಡೆಯುತ್ತಾನೆ. ಚೆಂಡು ತಪ್ಪುವುದಿಲ್ಲ, ಆಟ ನಿಧಾನವಾಗುತ್ತದೆ. ಇಲ್ಲಿ ಕಣ್ಣಿಗೆ ಅರಳಿ ಮರ ಬಿದ್ದ ಕೂಡಲೇ ಕಾಲು ತಾನೇ ತಿರುಗಿತ್ತು. ಇದನ್ನು ಅವನು ಕಮಿಟಿಗೆ ವಿವರಿಸಿದ. ಹದಿನಾರು ವರ್ಷ ನಾವು ಕಲಿತದ್ದು ಫುಟ್‌ಬಾಲ್ ಅಲ್ಲ, ಆ ನೆಲ ಮಾತ್ರ ಎಂದ. ಅದನ್ನು ಮರೆತು ಆಟ ಕಲಿಯಲು ಸಮಯ ಬೇಕು ಎಂದ.

ಚನ್ನವೀರಯ್ಯ ಅವನ ಮುಖವನ್ನೇ ನೋಡಿದರು. ಗೆಲ್ಲುತ್ತಿದ್ದ ಮೈದಾನವನ್ನು ಸಮ ಮಾಡಿಸಬೇಕು ಎಂದು ನಿನಗೆ ತೋಚಿದ್ದಾದರೂ ಯಾಕೆ, ಕಲ್ಲು ಎದ್ದಿದ್ದರೆ ಕಲ್ಲು ಆಯಿಸಬಹುದಿತ್ತಲ್ಲ ಎಂದು ಕೇಳಿದರು.

ಅನಂತರಾಜು ಏಳು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದ. 2018ರಲ್ಲಿ ಶೀಲ್ಡ್ ಪಡೆದು ವೇದಿಕೆಯಿಂದ ಇಳಿಯುವಾಗ ಕಿಟ್ಟು ಅವನ ಹೆಗಲ ಮೇಲೆ ಕೈಹಾಕಿ, ನಿಮ್ಮ ಟೀಮಿನಲ್ಲಿ ಚೆನ್ನಾಗಿ ಆಡುವುದು ಗ್ರೌಂಡ್ ಒಂದೇ ಎಂದಿದ್ದ. ಅಂದಿನಿಂದ ಗೆದ್ದ ಪ್ರತಿ ಪಂದ್ಯದಲ್ಲೂ ಆ ಮಾತು ಕಿವಿಯಲ್ಲಿ ಇರುತ್ತಿತ್ತು.

"ಅವನ ಮಾತು ಸುಳ್ಳು ಅಂತ ತೋರಿಸ್ಬೇಕಿತ್ತು ಸಾವ್ಕಾರ್ರೇ," ಎಂದ. "ನಿಜ ಆಗೋಯ್ತು. ಈಗ ಮಣ್ಣು ಹಾಕಿದ್ರೆ ಅದು ನಿಜವಾಗೇ ಉಳ್ಕೊಳ್ತದೆ."

ಚನ್ನವೀರಯ್ಯ ಕೊಬ್ಬರಿಯ ಒಂದು ಹೋಳನ್ನು ಕೈಯಲ್ಲಿ ತಿರುಗಿಸುತ್ತಾ ಯೋಚಿಸಿದರು. ವ್ಯಾಪಾರದ ಮನುಷ್ಯ, ಗಡುವಿಲ್ಲದ ಮಾತು ಅವರಿಗೆ ಆಗುತ್ತಿರಲಿಲ್ಲ. ನವೆಂಬರ್ 23ಕ್ಕೆ ಕುಣಿಗಲ್‌ನಲ್ಲಿ ಮರು ಪಂದ್ಯವಿದೆ, ಅಲ್ಲಿಯದು ಸಮ ಮೈದಾನ, ಅಲ್ಲಿ ಸೋಲಬೇಡ; ಸೋತರೆ ಕ್ಯಾಪ್ಟನ್‌ಗಿರಿ ಬಿಡು, ಸೋಮವಾರ ಬೆಳಿಗ್ಗೆ ಮಣ್ಣು ಬೀಳುತ್ತದೆ ಎಂದರು. ಹದಿನಾರು ವರ್ಷದಲ್ಲಿ ಗುಬ್ಬಿ ಕುಣಿಗಲ್‌ಗೆ ಹೋಗಿ ಗೆದ್ದದ್ದು ಮೂರು ಸಲ. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಕ್ಯಾಪ್ಟನ್‌ಗಿರಿ ನಂದು, ಸೋತ್ರೆ ಬಿಟ್ಕೊಡ್ತೀನಿ," ಎಂದ ಅನಂತರಾಜು. "ಗ್ರೌಂಡ್ ನಂದಲ್ಲ. ಅದನ್ನ ನಾನು ಪಣಕ್ಕಿಡಕ್ಕಾಗಲ್ಲ."

ಅಧ್ಯಕ್ಷರು ಇದಕ್ಕೆ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಕಾಫಿ ಬಂತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಚಿಕ್ಕಮಾರಯ್ಯ ಮೈದಾನದ ಉದ್ದಕ್ಕೂ ಆರು ಸುಣ್ಣದ ಗೆರೆ ಎಳೆದರು. ಒಂದೊಂದು ಮೂವತ್ತು ಮೀಟರ್. ಗೆರೆಯ ಎರಡು ತುದಿಯಲ್ಲಿ ಇಬ್ಬರು ನಿಂತು ಚೆಂಡನ್ನು ಗೆರೆ ಬಿಡದಂತೆ ಹೊಡೆಯಬೇಕು. ಇಷ್ಟೇ ಅಭ್ಯಾಸ. ಮೊದಲ ದಿನ ಒಬ್ಬೊಬ್ಬನಿಗೂ ಇಪ್ಪತ್ತು ಪಾಸು. ಗೆರೆ ಹಿಡಿದು ಹೋದದ್ದು ಸರಾಸರಿ ನಾಲ್ಕು. ಉಳಿದವೆಲ್ಲ ರಸ್ತೆ ಬದಿಗೆ ಹೋದವು. ಚೆಂಡು ತರಲು ಹೋಗಿ ಹೋಗಿ ಆಟಗಾರರಿಗೆ ಅರಳಿ ಮರದ ಕಟ್ಟೆಯ ಕಲ್ಲುಗಳ ಗುರುತು ಸಿಕ್ಕಿತು.

ಏಳು ಗಂಟೆಗೆ ದಾಕ್ಷಾಯಣಿಯವರ ಕಾಲೇಜಿನ ಹುಡುಗಿಯರ ತಂಡ ಬಂತು. ಹಳೆಯ ಮೈದಾನದಲ್ಲಿ ಕಲ್ಲಿಗೆ ಹೆದರಿ ಅವರನ್ನು ಆಡಿಸುತ್ತಿರಲಿಲ್ಲ. ಅವರು ಈ ನೆಲಕ್ಕೆ ಕಾಲಿಟ್ಟದ್ದೇ ಅದು ಸಮವಾದ ಮೇಲೆ. ದಾಕ್ಷಾಯಣಿ ಅವರಿಗೂ ಗೆರೆಯ ಮೇಲೆ ಇಪ್ಪತ್ತು ಪಾಸು ಹೊಡೆಸಿದರು. ಹದಿನೇಳು ವರ್ಷದ ಭೂಮಿಕಾಳದು ಇಪ್ಪತ್ತರಲ್ಲಿ ಹದಿನಾರು ಗೆರೆ ಹಿಡಿದು ಹೋದವು. ಆಟದಲ್ಲಿ ಅವಳು ಕಿರಣ್‌ನ ಹತ್ತಿರಕ್ಕೂ ಬರುವವಳಲ್ಲ. ಆದರೆ ಮರೆಯಬೇಕಾದ್ದು ಅವಳಿಗೆ ಏನೂ ಇರಲಿಲ್ಲ.

ಅನಂತರಾಜು ಅಲ್ಲೇ ತೀರ್ಮಾನ ಮಾಡಿದ. ಮಾರನೆಯ ದಿನದಿಂದ ಪ್ರತಿ ಗೆರೆಯ ಒಂದು ತುದಿಯಲ್ಲಿ ಕ್ಲಬ್ಬಿನ ಆಟಗಾರ, ಇನ್ನೊಂದು ತುದಿಯಲ್ಲಿ ಕಾಲೇಜಿನ ಹುಡುಗಿ. ಇದು ಊರಿಗೆ ಗೊತ್ತಾಗಲು ಒಂದು ದಿನ ಸಾಕಾಯಿತು. ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂಬತ್ತು ಶೀಲ್ಡಿನವರು ಹೆಣ್ಣುಮಕ್ಕಳ ಹತ್ತಿರ ಟ್ಯೂಷನ್‌ಗೆ ಹೋಗುತ್ತಿದ್ದಾರೆ ಎಂದು ಆಡಿಕೊಂಡರು. ಮೂವರು ಆಟಗಾರರು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು. ಅನಂತರಾಜು ಅವರ ಮನೆಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಇಬ್ಬರು ತಾವಾಗಿ ವಾಪಸು ಬಂದರು.

ಕಿರಣ್ ಬರುತ್ತಿದ್ದ, ಆದರೆ ಮುಖ ಗಂಟು ಹಾಕಿಕೊಂಡೇ. ಅವನ ಎದುರು ತುದಿಗೆ ಭೂಮಿಕಾ. ಗುರುವಾರ ಅವನ ಹನ್ನೊಂದನೆಯ ಪಾಸೂ ಅವಳಿಂದ ಮೂರು ಹೆಜ್ಜೆ ಆಚೆ ಹೋದಾಗ ಅವಳು ಕದಲದೆ ನಿಂತಳು.

"ಅಣ್ಣಾ, ಅಲ್ಲಿ ಯಾರಿದಾರೆ?" ಎಂದು ಕೇಳಿದಳು. "ದೆವ್ವಕ್ಕೆ ಪಾಸ್ ಕೊಡ್ತಿದೀರಾ?"

ಎಲ್ಲ ಗೆರೆಗಳಲ್ಲೂ ನಗು ಎದ್ದಿತು. ಕಿರಣ್ ನಗಲಿಲ್ಲ. ತಾನೇ ಹೋಗಿ ಚೆಂಡು ತಂದು ಗೆರೆಯ ಮೇಲೆ ಇಟ್ಟು, ಈ ಸಲ ತಲೆ ಎತ್ತಿ ಮರದ ಕಡೆ ನೋಡದೆ ಗೆರೆಯನ್ನೇ ನೋಡುತ್ತಾ ಹೊಡೆದ. ಚೆಂಡು ಅವಳ ಕಾಲಿಗೆ ಬಂತು. ಅದೇ ದಿನದಿಂದ ಅವನು ಹುಡುಗಿಯರು ಹೋದ ಮೇಲೂ ಅರ್ಧ ಗಂಟೆ ಉಳಿಯತೊಡಗಿದ.

ಗೋಲ್‌ಕೀಪರನ ಸಮಸ್ಯೆ ಬೇರೆ. ಪಾಸು ಕೊಡುವವನು ಕಣ್ಣು ತಗ್ಗಿಸಬಹುದು, ಗೋಲ್‌ಕೀಪರ್ ಎದುರು ನೋಡಲೇಬೇಕು. ಅನಂತರಾಜುವಿನ ಕಾಲು ಚೆಂಡು ಬರುವುದಕ್ಕೆ ಮೊದಲೇ ಕೆರೆ ಬದಿಗೆ ಅರ್ಧ ಹೆಜ್ಜೆ ಹೋಗಿಬಿಡುತ್ತಿತ್ತು. ಚಿಕ್ಕಮಾರಯ್ಯ ಅದಕ್ಕೊಂದು ಉಪಾಯ ಮಾಡಿದರು. ತೆಂಗಿನ ಹುರಿಯ ಒಂದು ತುದಿಯನ್ನು ರಸ್ತೆ ಬದಿಯ ಕಂಬಕ್ಕೆ, ಇನ್ನೊಂದನ್ನು ಅವನ ಸೊಂಟಕ್ಕೆ ಕಟ್ಟಿದರು. ಕೆರೆ ಕಡೆಗೆ ಮೊದಲೇ ಸರಿದರೆ ಹುರಿ ಎಳೆಯುತ್ತಿತ್ತು. ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟ್ ಇದ್ದ ಆ ಎರಡು ವಾರ ಅವನು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಕಟ್ಟಿ ಹಾಕಿದ ಹಸುವಿನ ಹಾಗೆ ಗೋಲಿನಲ್ಲಿ ನಿಂತ. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿದರು. ಕೆಲವರು ಫೋಟೊ ತೆಗೆದರು. ಫೋಟೊ ಕುಣಿಗಲ್‌ಗೂ ಹೋಯಿತು. ತೆಗೆಯಬೇಡಿ ಎಂದು ಅವನು ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡರ ಶನಿವಾರ ಹುರಿ ಬಿಚ್ಚಿದರು. ಅಂದು ಗೆರೆಯ ಮೇಲಿನ ಸರಾಸರಿ ಇಪ್ಪತ್ತಕ್ಕೆ ಹದಿಮೂರು ಎಂದು ದಾಕ್ಷಾಯಣಿ ಬರೆದುಕೊಂಡರು.

ಇಪ್ಪತ್ತಮೂರರ ಭಾನುವಾರ ತಂಡ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಕುಣಿಗಲ್‌ಗೆ ಇನ್ನೊಂದು ಬಸ್ಸು ಹಿಡಿದು ಎರಡೂ ಕಾಲಿಗೆ ತಲುಪಿತು. ಹದಿಮೂರು ಆಟಗಾರರು, ದಾಕ್ಷಾಯಣಿ, ಚಿಕ್ಕಮಾರಯ್ಯ. ಅಧ್ಯಕ್ಷರು ಬಂದಿರಲಿಲ್ಲ. ಊಟವನ್ನು ಮನೆಗಳಿಂದಲೇ ಕಟ್ಟಿಕೊಂಡು ಬಂದಿದ್ದರು. ಊಟ ಹಿಡಿಸಲಿಲ್ಲ ಎಂಬ ಕಾರಣ ಈ ಸಲ ಬೇಡ ಎಂದು ಅನಂತರಾಜು ಮೊದಲೇ ಹೇಳಿದ್ದ. ಮೈದಾನದೊಳಗೆ ಕಾಲಿಡುವಾಗ ಯಾರೋ ಪ್ರೇಕ್ಷಕರ ನಡುವಿನಿಂದ ಒಂದು ಹಗ್ಗ ಎಸೆದರು. ಅದು ಅನಂತರಾಜುವಿನ ಕಾಲ ಬಳಿ ಬಿತ್ತು. ಅವನು ಅದನ್ನು ಎತ್ತಿ ಸುತ್ತಿ ಗೋಲಿನ ಹಿಂದೆ ಇಟ್ಟುಕೊಂಡ.

ಪಂದ್ಯ ಮೂರೂ ಮುಕ್ಕಾಲಿಗೆ ಶುರುವಾಯಿತು. ಮೂವತ್ತೆಂಟನೆಯ ನಿಮಿಷದಲ್ಲಿ ಕುಣಿಗಲ್ ಮೊದಲ ಗೋಲು ಹೊಡೆಯಿತು. ಇನ್ನು ಶುರು ಎಂದು ಜನ ಎಣಿಸತೊಡಗಿದರು, ಎರಡು, ಮೂರು ಎಂದು ಮುಂದಿನ ಸಂಖ್ಯೆಗಳನ್ನು ಮೊದಲೇ ಕೂಗಿದರು. ಅವು ಬರಲಿಲ್ಲ. ಅರವತ್ತೊಂದನೆಯ ನಿಮಿಷದಲ್ಲಿ ಅನಂತರಾಜು ಹಿಡಿದ ಚೆಂಡನ್ನು ನೆಲದ ಮೇಲೆ ಉರುಳಿಸಿ ನಡುಗೆರೆಯತ್ತ ಕೊಟ್ಟ. ಅಲ್ಲಿಂದ ಚೆಂಡು ಮೂರು ಕಾಲು ದಾಟಿ, ಮೂರು ಸಲವೂ ನೆಟ್ಟಗೆ ಹೋಗಿ, ಕಿರಣ್‌ಗೆ ಸಿಕ್ಕಿತು. ಅವನು ಹೊಡೆದದ್ದು ಕಂಬದ ಒಳಬದಿಗೆ ತಾಗಿ ಒಳಗೆ ಹೋಯಿತು. ಒಂದು ಒಂದು.

ಎಪ್ಪತ್ತೇಳನೆಯ ನಿಮಿಷದಲ್ಲಿ ಕುಣಿಗಲ್‌ನ ಫಾರ್ವರ್ಡ್ ಹತ್ತು ಮೀಟರಿನಿಂದ ನೆಲಮಟ್ಟದಲ್ಲಿ ಹೊಡೆದ. ಅನಂತರಾಜು ಮೊದಲೇ ಸರಿಯಲಿಲ್ಲ. ನಿಂತ, ನೋಡಿದ, ಬಲಕ್ಕೆ ಬಿದ್ದ. ಚೆಂಡು ಎದೆಗೆ ಸಿಕ್ಕಿತು. ಚಿಕ್ಕಮಾರಯ್ಯ ಗೆರೆಯ ಆಚೆ ಎದ್ದು ನಿಂತು ಮತ್ತೆ ಕುಳಿತರು.

ಎಂಬತ್ತಾರನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಕುಣಿಗಲ್‌ನ ಎತ್ತರದ ಬ್ಯಾಕ್ ತಲೆ ಕೊಟ್ಟ. ಅನಂತರಾಜುವಿನ ಬೆರಳಿಗೆ ತಾಗಿಯೂ ಒಳಗೆ ಹೋಯಿತು. 2–1. ಉಳಿದ ನಿಮಿಷಗಳಲ್ಲಿ ಗುಬ್ಬಿ ಎರಡು ಸಲ ಗೋಲಿನ ಹತ್ತಿರ ಹೋಯಿತು. ಗೋಲಾಗಲಿಲ್ಲ. ಗುಬ್ಬಿ ಸೋತಿತು.

ಕಿಟ್ಟು ಈ ಸಲ ಕೈ ಕುಲುಕುವಾಗ ತಡವಾಗಿ ಮಾತಾಡಿದ. ಈಗ ನಿಮ್ಮವರೂ ಆಡುತ್ತಾರೆ ಎಂದ. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಹೇಳುವುದು ಕಷ್ಟ.

"ನಮ್ ಗ್ರೌಂಡ್ ಹುಷಾರಾಗೈತೆ," ಎಂದ ಅನಂತರಾಜು. "ಮುಂದಿನ ವರ್ಷ ಬನ್ನಿ, ನೋಡ್ಕೊಂಡ್ ಹೋಗೋರಂತೆ." ಎಸೆದಿದ್ದ ಹಗ್ಗವನ್ನು ಕಿಟ್ಟುವಿನ ಕೈಗೆ ಕೊಟ್ಟ. ಹಸು ಕಟ್ಟಲು ಯಾರಿಗಾದರೂ ಬೇಕಾಗಬಹುದು ಎಂದ.

ಹಳೆಯ ಕ್ಯಾಪ್ಟನ್ ಹೊಸಬನ ತೋಳಿಗೆ ಕೈಯಾರೆ ಪಟ್ಟಿ ಕಟ್ಟುವುದು ಕ್ಲಬ್ಬಿನ ಪದ್ಧತಿ. ಯಾರಿಗೆ ಎಂದು ಕೇಳುವ ಹಕ್ಕು ಕಮಿಟಿಗೂ ಇಲ್ಲ. ತುಮಕೂರು ಬಸ್ ನಿಲ್ದಾಣದಲ್ಲಿ ಗುಬ್ಬಿ ಬಸ್ಸಿಗೆ ಕಾಯುವಾಗ ಅನಂತರಾಜು ತನ್ನ ತೋಳಿನ ಪಟ್ಟಿ ಬಿಚ್ಚಿ ಕಿರಣ್‌ನ ತೋಳಿಗೆ ಕಟ್ಟಿದ. ಕಿರಣ್ ಅದನ್ನು ಬಿಚ್ಚಲು ಕೈ ಹಾಕಿದ.

"ನಂಗ್ಯಾಕಣ್ಣ? ನಾನು ಮಣ್ಣು ಹಾಕ್ಸೋ ಕಡೆಯೋನು."

"ಗೊತ್ತು ಕಣೋ. ಹಾಕ್ಸೋದಾದ್ರೆ ಕ್ಯಾಪ್ಟನ್ ಆಗೇ ಹಾಕ್ಸು, ಬ್ಯಾಡ ಅನ್ನಲ್ಲ," ಎಂದ ಅನಂತರಾಜು. "ನಾಳೆ ಆರು ಗಂಟೆ ಪ್ರಾಕ್ಟೀಸ್ ಮಾತ್ರ ಬಿಡ್ಬ್ಯಾಡ."

ಬಸ್ಸು ಬಂತು. ಕಿರಣ್ ಪಟ್ಟಿಯನ್ನು ಬಿಚ್ಚದೆಯೇ ಹತ್ತಿ ಕಿಟಕಿಯ ಪಕ್ಕ ಕುಳಿತ.

ಸೋಮವಾರ, ನವೆಂಬರ್ 24. ಬೆಳಿಗ್ಗೆ ಆರಕ್ಕೆ ಹನ್ನೆರಡು ಆಟಗಾರರು ಮೈದಾನದಲ್ಲಿದ್ದರು. ಚಿಕ್ಕಮಾರಯ್ಯ ಆರು ಗೆರೆ ಎಳೆದಿದ್ದರು. ಹಿಂದಿನ ದಿನ ಸೋತ ತಂಡ ಮಾರನೆಯ ದಿನವೇ ಅಭ್ಯಾಸಕ್ಕೆ ಬಂದದ್ದು ತಮ್ಮ ಮೂವತ್ತು ವರ್ಷದಲ್ಲಿ ಇದೇ ಮೊದಲು ಎಂದು ಅವರು ಆಮೇಲೆ ಹೇಳಿದರು. ಆರು ಐವತ್ತಕ್ಕೆ ಅರಳಿ ಮರದ ಹಿಂದೆ ಮಣ್ಣು ತುಂಬಿಸಿಕೊಂಡ ಎರಡು ಟ್ರ್ಯಾಕ್ಟರ್ ಮೈದಾನದ ಗೇಟಿಗೆ ಬಂದು ನಿಂತವು. ಅವುಗಳ ಹಿಂದೆ ಸ್ಕೂಟರಿನಲ್ಲಿ ಚನ್ನವೀರಯ್ಯ.

ಅನಂತರಾಜು ಉತ್ತರದ ಗೋಲಿನಲ್ಲಿ ನಿಂತಿದ್ದ. ಅವನು ಬರಲಿಲ್ಲ. ಕಿರಣ್ ಹೋಗಿ ಗೇಟಿನ ನಡುವೆ ನಿಂತ. ತೋಳಿಗೆ ಪಟ್ಟಿ ಇತ್ತು.

ಚನ್ನವೀರಯ್ಯ ಸ್ಕೂಟರಿನ ಮೇಲೆ ಕುಳಿತೇ ಮಾತಾಡಿದರು. ಅನಂತರಾಜು ಮಾತಿಗೆ ತಪ್ಪುವವನಲ್ಲ ಎಂದುಕೊಂಡಿದ್ದೆ ಎಂದರು. ಅವನು ಕೊಟ್ಟ ಮಾತು ಕ್ಯಾಪ್ಟನ್‌ಗಿರಿಯದು, ಅದನ್ನು ನಿನ್ನೆ ಸಂಜೆಯೇ ತೀರಿಸಿದ್ದಾನೆ ಎಂದು ಕಿರಣ್ ಹೇಳಿದ. ಗ್ರೌಂಡಿನ ಮಾತು ಈಗ ನನ್ನ ಹತ್ತಿರ ಆಡಿ ಎಂದ. ಅಧ್ಯಕ್ಷರಿಗೆ ನಗು ಬಂತು. ಇಳಿಜಾರೇ ನನ್ನ ಕಾಲು ಎಂದು ಮಂಡಿಯಲ್ಲಿ ಅಷ್ಟು ಜನರ ಎದುರು ಹೇಳಿದವನು ನೀನೇ ಅಲ್ಲವೇನಪ್ಪ ಎಂದರು.

"ಹೇಳಿದ್ದೆ," ಎಂದ ಕಿರಣ್. "ನಿನ್ನೆ ಕುಣಿಗಲ್ಲಲ್ಲಿ ಹೊಡೆದ ಗೋಲು ಇಳಿಜಾರಿಂದಲ್ಲ ಸಾವ್ಕಾರ್ರೇ. ನನ್ ಕಾಲಿಂದು."

"ಇಲ್ಲೂ ಸೋತ್ರೆ?"

"ಸೋತ್ರೆ ಇದರ ಮೇಲೇ ಸೋಲ್ತೀವಿ. ಮಣ್ಣು ಮಾತ್ರ ಒಳಗೆ ಬರಲ್ಲ."

ಕಿರಣ್‌ನ ಹಿಂದೆ ಆಟಗಾರರು ಯಾರೂ ಬಂದು ಗುಂಪು ಕಟ್ಟಲಿಲ್ಲ. ಅವರು ಗೆರೆಗಳ ಮೇಲೆ ಪಾಸು ಹೊಡೆಯುತ್ತಲೇ ಇದ್ದರು. ಏಳು ಗಂಟೆಗೆ ಕಾಲೇಜಿನ ಹುಡುಗಿಯರು ಬಂದರು. ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಂತಿದ್ದರಿಂದ ಒಬ್ಬೊಬ್ಬರಾಗಿ ಪಕ್ಕದ ಸಂದಿಯಿಂದ ನುಗ್ಗಿ ಒಳಗೆ ಹೋದರು. ಭೂಮಿಕಾ ಹೋಗುವಾಗ ಅಧ್ಯಕ್ಷರಿಗೆ ನಮಸ್ಕಾರ ಎಂದಳು. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಗೆರೆಗಳನ್ನೂ, ಗೆರೆ ಬಿಡದೆ ಹೋಗುತ್ತಿದ್ದ ಚೆಂಡುಗಳನ್ನೂ ನೋಡಿದರು. ಒಂದು ಚೆಂಡು ತಪ್ಪಿ ಗೇಟಿನ ಕಡೆ ಬಂತು. ಅದು ರಸ್ತೆ ಬದಿಗೆ ಬಂದ ಚೆಂಡೇ. ಕಿರಣ್ ಅದನ್ನು ಕಾಲಿನಲ್ಲಿ ನಿಲ್ಲಿಸಿ, ತಿರುಗಿ ನೋಡದೆ ಹಿಂದಕ್ಕೆ ಹೊಡೆದ.

ಮುಂದಿನ ಟ್ರ್ಯಾಕ್ಟರಿನ ಡ್ರೈವರ್ ಎಂಜಿನ್ ಆಫ್ ಮಾಡಿ, ಮಣ್ಣು ಎಲ್ಲಿ ಸುರಿಯಲಿ ಎಂದು ಕೇಳಿದ.

ಚನ್ನವೀರಯ್ಯ ಮಂಡಿಯ ಹಿಂದೆ ಹೊಸ ಗೋದಾಮು ಕಟ್ಟಿಸುತ್ತಿದ್ದರು. ಅದರ ಪಾಯ ತುಂಬಿಸಲು ಮಣ್ಣು ಬೇಕಾಗಿತ್ತು. ಎರಡು ಟ್ರ್ಯಾಕ್ಟರುಗಳೂ ಏಳು ಇಪ್ಪತ್ತಕ್ಕೆ ಅಲ್ಲಿಗೆ ಹೋದವು. ಅರಳಿ ಮರದ ಹಿಂದಿನ ಗುಡ್ಡೆ ಗುರುವಾರದ ಹೊತ್ತಿಗೆ ಖಾಲಿಯಾಯಿತು.